ಪಾವಟಿಗೆ ಬಾವಿ ಮತ್ತು ನಾರುಹುಣ್ಣು

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಸೀಮೆಯಲ್ಲಿ ಕಾಗಿಣಾ, ಭೀಮಾ, ಮುಲ್ಲಾಮಾರಿ ಹೊಳೆಗಳಿದ್ದರೂ, ದಂಡೆಯಿಂದ ದೂರವಿದ್ದ ಊರುಗಳಿಗೆ ಬೇಸಿಗೆಯಲ್ಲಿಯೂ ಮಳೆ ಕೈಕೊಟ್ಟ ವರ್ಷಗಳಲ್ಲಿಯೂ ಬಾವಿಯೇ ಕೊನೆಯ ಆಸರೆಯಾಗಿತ್ತು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ, ಅಂದರೆ ಇಂದಿನ ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ದಂಡೆಯಲ್ಲಿಯೇ ಇತ್ತು. ಆ ಅನುಕೂಲ ಎಲ್ಲ ಊರುಗಳಿಗೂ ದೊರೆಯಲಿಲ್ಲ.

ನೆಲದಡಿ ಹಲಗೆಹಲಗೆಯಾಗಿ ಬಿಡಿಸಿಕೊಳ್ಳುವ ಸುಣ್ಣಕಲ್ಲು, ಅಂದರೆ ಮನೆಮನೆಗೂ ಹಾಸಾದ ಶಹಾಬಾದ್ ಪರಸಿ, ಇಲ್ಲಿ ಕೈಗೆಟುಕುವಂತಿದ್ದುದರಿಂದ ಕಟ್ಟಡದ ಕಲ್ಲಿಗೆ ಕೊರತೆಯಿರಲಿಲ್ಲ. ಬಾವಿಯ ಒಂದು ಮಗ್ಗುಲಿನಿಂದ ನೀರಿನವರೆಗೆ ಕಲ್ಲಿನ ಮೆಟ್ಟಿಲುಗಳನ್ನು ಇಳಿಸಿ ಕಟ್ಟಿದ ಪಾವಟಿಗೆ ಬಾವಿಯ ಹೆಚ್ಚುಗಾರಿಕೆಯೆಂದರೆ, ನೀರು ಎಷ್ಟೇ ಆಳಕ್ಕೆ ಇಳಿದರೂ ಹಗ್ಗ, ರಾಟೆಗಳ ಹಂಗಿಲ್ಲದೆ ಕೊಡ ಹಿಡಿದವರು ಅದನ್ನು ಮುಟ್ಟಬಹುದಾಗಿತ್ತು. ಬರಗಾಲದ ದೃಷ್ಟಿಯಿಂದ ಇದಕ್ಕಿಂತ ವಿವೇಕದ ರಚನೆಯನ್ನು ಕಲ್ಪಿಸುವುದು ಕಷ್ಟ.

ಆದರೆ ನೀರು ತರಲು ಇಳಿದವರ ಕಾಲುಗಳೂ ನೀರಿಗೆ ಇಳಿದವು. ಹೈದರಾಬಾದ್ ಕರ್ನಾಟಕವನ್ನು ತಲೆಮಾರುಗಳ ಕಾಲ ಕಾಡಿದ ನಾರುಹುಣ್ಣು ಹರಡಿದ್ದು ಇದೇ ದಾರಿಯಲ್ಲಿ. ರೋಗಿಯ ಕಾಲಿನ ಬೊಬ್ಬೆ ನೀರಿಗೆ ಸೋಕಿದೊಡನೆ ಹೆಣ್ಣುಹುಳು ಸಾವಿರಾರು ಮರಿಗಳನ್ನು ಹೊರಚೆಲ್ಲುತ್ತದೆ. ಅವನ್ನು ಸೈಕ್ಲೋಪ್ಸ್ ಎಂಬ, ಗಾಜಿನ ಲೋಟವನ್ನು ಬೆಳಕಿಗೆ ಹಿಡಿದರೆ ಬಿಳಿ ಚುಕ್ಕೆಯಾಗಿ ಕುಪ್ಪಳಿಸುವುದು ಕಾಣಿಸುವ ನೀರಜೀವಿ ನುಂಗುತ್ತದೆ. ಆ ನೀರನ್ನು ಕುಡಿದವರ ಮೈಯಲ್ಲಿ ಸುಮಾರು ಒಂದು ವರ್ಷದ ನಂತರ ಮೀಟರಿನಷ್ಟು ಉದ್ದಕ್ಕೂ ಬೆಳೆಯಬಲ್ಲ ಹುಳು ಚರ್ಮವನ್ನು ಸೀಳಿಕೊಂಡು ಹೊರಬರುತ್ತದೆ. ಅದನ್ನು ಸಣ್ಣ ಕಡ್ಡಿಗೆ ಸುತ್ತಿ, ತುಂಡಾಗದಂತೆ ದಿನಕ್ಕೆ ಸ್ವಲ್ಪಸ್ವಲ್ಪವೇ ಎಳೆಯುತ್ತ ವಾರಗಟ್ಟಲೆ ನರಳುವುದಲ್ಲದೆ ಬೇರೆ ಮದ್ದಿರಲಿಲ್ಲ. ನೀರು ತಳ ಕಂಡ ಬೇಸಿಗೆಯಲ್ಲಿಯೇ ಸೈಕ್ಲೋಪ್ಸ್ ದಟ್ಟವಾಗುತ್ತಿತ್ತು, ಜನ ಪಾವಟಿಗೆ ಬಾವಿಗೆ ಹೆಚ್ಚು ಇಳಿಯುತ್ತಿದ್ದುದೂ ಆಗಲೇ. ವರ್ಷ ತಿರುಗಿ ಹುಳು ಹೊರಬರುವ ಹೊತ್ತಿಗೆ ಮತ್ತದೇ ಬೇಸಿಗೆ, ಅದೇ ಬಾವಿ. ಆಪತ್ತಿಗೆಂದು ಕಾಪಿಟ್ಟ ನೀರೇ ಆಪತ್ತಿನ ಮೂಲವಾದ ಈ ದುರಂತವನ್ನು ಜನರ ಅಜ್ಞಾನದ ತಲೆಗೆ ಕಟ್ಟುವುದು ನ್ಯಾಯವಲ್ಲ. ಬಾಯಾರಿದವರಿಗೆ ಬೇರೆ ನೀರಿರಲಿಲ್ಲ.

ರಷ್ಯದ ವಿಜ್ಞಾನಿ ಫೆಡ್ಚೆಂಕೊ ಸೈಕ್ಲೋಪ್ಸ್‌ನ ಪಾತ್ರವನ್ನು 1870ರ ಸುಮಾರಿಗೆ ಗುರುತಿಸಿದ್ದರೂ, ಭಾರತದಲ್ಲಿ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ ಆರಂಭವಾದದ್ದು 1983–84ರಲ್ಲಿ. ಕರ್ನಾಟಕವೂ ಸೇರಿದಂತೆ ರೋಗವಿದ್ದ ರಾಜ್ಯಗಳಲ್ಲಿ ಪಾವಟಿಗೆಗಳನ್ನು ಮುಚ್ಚಿ ಸೇದುವ ಬಾವಿಗಳನ್ನಾಗಿ ಮಾಡಲಾಯಿತು, ಕೈಪಂಪುಗಳನ್ನು ಹಾಕಲಾಯಿತು, ಸೈಕ್ಲೋಪ್ಸ್ ಕೊಲ್ಲುವ ಟೆಮೆಫಾಸ್ ಔಷಧವನ್ನು ಬಾವಿಗೆ ಬೆರೆಸಲಾಯಿತು. ಮನೆಯೊಳಗಿನ ಉಪಾಯ ಇನ್ನೂ ಸರಳವಾಗಿತ್ತು: ಒತ್ತಾದ ನೇಯ್ಗೆಯ ಬಟ್ಟೆಯನ್ನು ಕೊಡದ ಬಾಯಿಗೆ ಬಿಗಿದು ನೀರನ್ನು ಸೋಸಿದರೆ ಸೈಕ್ಲೋಪ್ಸ್ ಬಟ್ಟೆಯ ಮೇಲೆಯೇ ಉಳಿಯುತ್ತಿತ್ತು. ದೇಶದ ಕೊನೆಯ ರೋಗಿ 1996ರ ಜುಲೈನಲ್ಲಿ ರಾಜಸ್ಥಾನದಲ್ಲಿ ಪತ್ತೆಯಾದ ಮೇಲೆ, 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತವೆಂದು ಘೋಷಿಸಿತು.

ಹಳೆಯ ಬಾವಿಗಳ ಹೂಳೆತ್ತುವ ಉತ್ಸಾಹ ಇತ್ತೀಚೆಗೆ ಹಲವೆಡೆ ಕಾಣುತ್ತಿದ್ದು, ಅದು ಸ್ವಾಗತಾರ್ಹವೇ ಆಗಿದೆ. ಆದರೆ ಆ ನೀರನ್ನು ಕುಡಿಯಲು ಬಳಸುವುದಾದರೆ ಪಾವಟಿಗೆಯನ್ನು ನೀರಿನಿಂದ ದೂರವೇ ನಿಲ್ಲಿಸಿ, ಕಟ್ಟೆ ಕಟ್ಟಿ, ರಾಟೆಯನ್ನೋ ಪಂಪನ್ನೋ ಇಡಬೇಕು. ಕುಡಿಯುವ ನೀರಿಗೆ ಯಾರ ಕಾಲೂ ಇಳಿಯಬಾರದು.