ಪೆಟ್ಟಿಗಿ ಮುಟ್ಟಬ್ಯಾಡ್ರಲೇ!

ನಮ್ಮ ಕುರುಗೋಡು, ಸಿರುಗುಪ್ಪ ಕಡೆಯ ಜಾತ್ರೆ ನಾಟಕದ ಪೋಸ್ಟರ್ ನೋಡಿದ್ದೀರಾ? ನಾಯಕ, ನಾಯಕಿ, ವಿಲನ್, ಹಾಸ್ಯಪಾತ್ರ ಎಲ್ಲರ ಫೋಟೋ ಮುಗಿದ ಮೇಲೆ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತೆ. ಹಾರ್ಮೋನಿಯಂ ಇಂಥವರು, ತಬಲಾ ಇಂಥವರು, ಕ್ಯಾಸಿಯೋ ಇಂಥವರು, ರಿದಂ ಪ್ಯಾಡ್ ಇಂಥವರು. ಕ್ಯಾಸಿಯೋ ಅಂದ್ರೆ ನಮ್ಮಲ್ಲಿ ಕಂಪನಿ ಹೆಸರಲ್ಲ, ವಾದ್ಯದ ಹೆಸರು. ಯಮಹಾ ಕೀಬೋರ್ಡ್ ತಂದಿಟ್ಟರೂ ಅದು ಕ್ಯಾಸಿಯೋನೇ. ಜೆರಾಕ್ಸ್ ಇದ್ದ ಹಾಗೆ :-)

ಈ ಪೋಸ್ಟರ್ ನೆನಪಾಗಿದ್ದು ಆಫೀಸಿನ ಕ್ಯಾಂಟೀನಿನಲ್ಲಿ. ಸಹೋದ್ಯೋಗಿಯೊಬ್ಬರು ತಮ್ಮ ಮಗಳ ಶಾಲೆಯಲ್ಲಿ ಮಕ್ಕಳು ಟ್ಯಾಬ್ ಹಿಡಿದು ತಾವೇ ಟ್ಯೂನ್ ಮಾಡುತ್ತಾರೆ ಅಂತ ಹೇಳುತ್ತಿದ್ದರು. "ನಿಮ್ಮ ಬಳ್ಳಾರಿ ಕಡೆ ಇದೆಲ್ಲ ಬರೋಕೆ ಇನ್ನೂ ಇಪ್ಪತ್ತು ವರ್ಷ ಬೇಕು ಬಿಡಿ" ಅಂದ್ರು. ನನಗೆ ಸ್ವಲ್ಪ ಉರಿಯಿತು. ಹೊಸ ಯಂತ್ರ ಹಿಡಿದು ಟ್ಯೂನ್ ಕಟ್ಟುವುದು ನಮ್ಮ ಕಡೆ ನೂರು ವರ್ಷಕ್ಕಿಂತ ಹಳೇ ಕಸುಬು. ಅದು ಶಾಲೆಯ ಬಾಗಿಲು ದಾಟಲಿಲ್ಲ, ಅಷ್ಟೇ. ಯಾಕೆ ದಾಟಲಿಲ್ಲ ಅನ್ನೋದೇ ಈ ಬರಹದ ತಲೆನೋವು.

ಮೊದಲ ಯಂತ್ರ ಹಾರ್ಮೋನಿಯಂ. ಇದು ನಮ್ಮದಲ್ಲವೇ ಅಲ್ಲ. 1840ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ್ದು, ಕಾಲಲ್ಲಿ ತುಳಿದು ಗಾಳಿ ಊದುವ ಮೇಜಿನಂಥದ್ದು. ಪಾದ್ರಿಗಳ ಜೊತೆ ಇಂಡಿಯಾಕ್ಕೆ ಬಂತು. 19ನೇ ಶತಮಾನದ ಕೊನೆಯ ಭಾಗದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅದರ ಕಾಲು ಕತ್ತರಿಸಿ, ಕೈಯಲ್ಲೇ ತಿದಿ ಒತ್ತುವ ಹಾಗೆ ಮಾಡಿದರು. ನೆಲದ ಮೇಲೆ ಚಕ್ಕಳಮಕ್ಕಳ ಕೂತು ಬಾರಿಸಬಹುದು, ಎತ್ತಿನ ಗಾಡಿಯಲ್ಲಿ ಹಾಕಿಕೊಂಡು ಹೋಗಬಹುದು. ಅಷ್ಟು ಸಾಕಾಯ್ತು. ನಾಟಕ ಕಂಪನಿಗಳು ಅದನ್ನು ಹೊತ್ತುಕೊಂಡು ಊರೂರು ತಿರುಗಿದವು.

ಬಳ್ಳಾರಿಗೆ ನಾಟಕದ ಹುಚ್ಚು ಹಿಡಿಸಿದವರು ವಕೀಲರು! ಧರ್ಮವರಂ ರಾಮಕೃಷ್ಣಮಾಚಾರ್ಯರು, ಕೋಲಾಚಲಂ ಶ್ರೀನಿವಾಸರಾಯರು, ಇಬ್ಬರೂ ಬಳ್ಳಾರಿಯಲ್ಲಿ ಕೋರ್ಟ್ ಕೆಲಸ ಮಾಡುತ್ತಾ ತೆಲುಗು ನಾಟಕ ಬರೆದು ಆಡಿಸಿದವರು. ಧರ್ಮವರಂ ಅವರು ನಾಟಕದೊಳಗೆ ರಾಗಬದ್ಧ ಹಾಡು ತುಂಬಿದ್ದಕ್ಕೇ ಹೆಸರಾದವರು. ಅವರ ಸೋದರಳಿಯನೇ ಬಳ್ಳಾರಿ ರಾಘವ (1880-1946), ಅವರೂ ವಕೀಲರೇ. ತೆಲುಗು, ಕನ್ನಡ, ಇಂಗ್ಲಿಷು, ಎಲ್ಲಾ ಒಂದೇ ಊರಿನ ರಂಗದ ಮೇಲೆ. ಇದೆಲ್ಲ ಪಟ್ಟಣದ ಕಥೆ. ಹಳ್ಳಿಗಳಲ್ಲಿ ಇದ್ದದ್ದು ಬಯಲಾಟ, ಆಮೇಲೆ ಸಾಮಾಜಿಕ ನಾಟಕ. ಅಲ್ಲಿ ರಾಜ ಯಾರು ಅಂದ್ರೆ ಪೆಟ್ಟಿಗಿ ಮಾಸ್ತರು.

ಪೆಟ್ಟಿಗಿ ಮಾಸ್ತರ ಕೆಲಸ ಬರೀ ಬಾರಿಸೋದಲ್ಲ. ತಾಲೀಮು ಶುರುವಾದಾಗ ಅವರ ಮುಂದೆ ಇರೋದು ಒಂದು ನೋಟ್‌ಬುಕ್ಕು ಮತ್ತು ಹಗಲೆಲ್ಲ ಗದ್ದೆಯಲ್ಲಿ ದುಡಿದು ಬಂದ ಹುಡುಗರು. ಒಬ್ಬನ ಗಂಟಲು ಮೇಲೆ ಏರಲ್ಲ, ಇನ್ನೊಬ್ಬನಿಗೆ ತಾಳ ನಿಲ್ಲಲ್ಲ. ಮಾಸ್ತರು ಗೊತ್ತಿರುವ ಒಂದು ಮಟ್ಟು ತಗೊಳ್ತಾರೆ. ಅದು ಹಳೇ ನಾಟಕದ್ದಿರಬಹುದು, ಸಿನಿಮಾದ್ದಿರಬಹುದು, ಭಜನೆಯದ್ದಿರಬಹುದು. ಅದನ್ನು ಮುರಿದು, ಅರ್ಧ ಇಟ್ಟುಕೊಂಡು, ಇನ್ನರ್ಧಕ್ಕೆ ಬೇರೆ ಮಟ್ಟಿನ ಬಾಲ ಅಂಟಿಸಿ, ಆ ಹುಡುಗನ ಶ್ರುತಿಗೆ ಇಳಿಸಿ ಹೊಸ ಹಾಡು ಮಾಡ್ತಾರೆ. ಹುಡುಗ "ಇಲ್ಲಿ ಹಿಂಗ್ ಹೋದ್ರ ಹೆಂಗ್ರೀ ಮಾಸ್ತರ?" ಅಂತಾನೆ. ಮಾಸ್ತರು ಬಾರಿಸಿ ನೋಡ್ತಾರೆ, ಒಪ್ಪಿಗೆಯಾದ್ರೆ ಹಾಗೇ ಇರುತ್ತೆ. ನನ್ನ ಪ್ರಕಾರ ನಮ್ಮ ಸೀಮೆಯ ನಿಜವಾದ ಸಂಗೀತದ ಕ್ಲಾಸ್‌ರೂಮ್ ಇದೇ.

ಈಗ ಒಂದು ಜಿಗಿತ ಹೊಡೀತೀನಿ, ಕ್ಷಮೆ ಇರಲಿ. ಅಮೆರಿಕದ ಎಂಐಟಿಯಲ್ಲಿ ಜೀನ್ ಬ್ಯಾಂಬರ್ಗರ್ ಅನ್ನೋ ಸಂಗೀತದ ಪ್ರೊಫೆಸರ್ ಇದ್ದರು. ಸೀಮೋರ್ ಪ್ಯಾಪರ್ಟ್ ಮಕ್ಕಳಿಗಾಗಿ ಲೋಗೋ ಭಾಷೆ ಕಟ್ಟುತ್ತಿದ್ದ ಗುಂಪಿನ ಜೊತೆ 1970ರ ದಶಕದಲ್ಲಿ ಇವರು ಮ್ಯೂಸಿಕ್ ಲೋಗೋ ಅಂತ ಶುರು ಮಾಡಿದರು. ಅವರ ಪಟ್ಟು ಏನಂದ್ರೆ ಮಗುವಿಗೆ ಒಂದೊಂದೇ ಸ್ವರ ಕೊಟ್ಟು ಶುರು ಮಾಡಬಾರದು, ಟ್ಯೂನಿನ ತುಂಡು ಕೊಡಬೇಕು. ಗೊತ್ತಿರುವ ಹಾಡನ್ನು ತುಂಡು ಮಾಡಿ ಕಂಪ್ಯೂಟರಿನಲ್ಲಿಟ್ಟು, ಮಗು ಅದನ್ನು ಮತ್ತೆ ಜೋಡಿಸಲಿ, ಬೇಕಾದ್ರೆ ಬೇರೆ ಥರ ಜೋಡಿಸಲಿ. ಯಾಕೆ ಇದು ಚೆನ್ನಾಗಿದೆ, ಯಾಕೆ ಅದು ಇಲ್ಲ ಅಂತ ಮಗುವೇ ಹೇಳಲಿ. ಇದನ್ನು ಓದಿದಾಗ ನನಗೆ ನಗು ಬಂತು. ಇದು ನಮ್ಮ ಪೆಟ್ಟಿಗಿ ಮಾಸ್ತರ ಮಟ್ಟು ಅಲ್ವೇನ್ರೀ?

ಮತ್ತೆ ಪೆಟ್ಟಿಗೆಗೆ ಬರೋಣ. ಮನೆ ಮನೆಗೆ ಬಂದ ಈ ವಾದ್ಯವನ್ನು ದೊಡ್ಡವರು ಒಪ್ಪಲಿಲ್ಲ. ಎರಡು ಸ್ವರದ ನಡುವೆ ಜಾರೋಕೆ ಆಗಲ್ಲ, ಗಮಕ ಇಲ್ಲ, ಮೀಂಡ್ ಇಲ್ಲ, ಶ್ರುತಿ ಪರದೇಶದ್ದು ಅನ್ನೋದು ದೂರು. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂ ಅನ್ನು ನಿಷೇಧಿಸಿತು. ಆ ನಿಷೇಧ ಸಡಿಲವಾಗಿದ್ದು 1971ರಲ್ಲಿ. ಮೂವತ್ತೊಂದು ವರ್ಷ! ಅಷ್ಟೂ ವರ್ಷ ನಮ್ಮ ಕಡೆ ತಾಲೀಮಿನಲ್ಲಿ ಪೆಟ್ಟಿಗೆ ನಿಂತಿರಲಿಲ್ಲ. ದೂರು ಸುಳ್ಳೇನಲ್ಲ, ಆದರೆ ಗಮಕ ಇಲ್ಲದ ಪೆಟ್ಟಿಗೆಯ ಜೊತೆ ಹಾಡುವವನ ಗಂಟಲಲ್ಲಿ ಗಮಕ ಇರಬಹುದಲ್ಲ?

ಪೆಟ್ಟಿಗೆಯನ್ನು ಮಕ್ಕಳ ಕೈಗೇ ಕೊಟ್ಟ ಪಾಠಶಾಲೆ ಹುಡುಕಿದರೆ ಸಿಗೋದು ಗದಗದಲ್ಲಿ. ಪಂಚಾಕ್ಷರ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮ. ಗವಾಯಿಗಳಿಗೂ ಕಣ್ಣಿರಲಿಲ್ಲ, ಅವರ ನಂತರ 1944ರಿಂದ ಆಶ್ರಮ ನಡೆಸಿದ ಪುಟ್ಟರಾಜ ಗವಾಯಿಗಳಿಗೂ (1914-2010) ಇರಲಿಲ್ಲ. ಕಲಿಯಲು ಬಂದ ಎಷ್ಟೋ ಮಕ್ಕಳಿಗೂ ಇರಲಿಲ್ಲ. ಹೀಗಿದ್ದಾಗ "ಮುಟ್ಟಬೇಡ" ಅಂದ್ರೆ ಪಾಠವೇ ನಡೆಯಲ್ಲ. ಆಶ್ರಮಕ್ಕೆ ಸ್ವಂತ ನಾಟಕ ಕಂಪನಿಯೂ ಇತ್ತು. ಕಲಿಯೋದು, ಕಟ್ಟೋದು, ಜನರ ಮುಂದೆ ಬಾರಿಸೋದು ಎಲ್ಲ ಒಂದೇ ಮನೆಯಲ್ಲಿ.

ಉಳಿದ ಯಂತ್ರಗಳ ಕಥೆ ಬೇಗ ಹೇಳಿಬಿಡ್ತೀನಿ. 1979ರಲ್ಲಿ ಬೆಂಗಳೂರಿನ ಎಂಜಿನಿಯರ್, ಕೊಳಲು ವಾದಕರೂ ಆದ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು, ರಾಡೆಲ್ ಅಂದ್ರೆ ಸಂಗೀತದವರಿಗೆಲ್ಲ ಗೊತ್ತು. (ಎಂಜಿನಿಯರುಗಳಿಂದ ಸಂಗೀತ ಕೆಟ್ಟಿತು ಅನ್ನುವವರಿಗೆ ನನ್ನ ಹತ್ತಿರ ಇರೋ ಒಂದೇ ಉತ್ತರ ಇವರು.) 1980ರಲ್ಲಿ ಕ್ಯಾಸಿಯೋ ಕಂಪನಿಯ ಮೊದಲ ಕೀಬೋರ್ಡು ಬಂತು. 2003ರಲ್ಲಿ ಟಾರ್ಚ್ ಇರೋ ನೋಕಿಯಾ 1100 ಬಂತು. ಅದರಲ್ಲಿ ಕಂಪೋಸರ್ ಅಂತ ಒಂದು ಮೆನು ಇತ್ತು, ನೆನಪಿದೆಯಾ? ಒಂದು ಸಲಕ್ಕೆ ಒಂದೇ ಸ್ವರ, ನಂಬರ್ ಬಟನ್ ಒತ್ತಿ ರಿಂಗ್‌ಟೋನ್ ಬರೆಯೋದು. ನಾನು ಮುಟ್ಟಿದ ಮೊದಲ ಡಿಜಿಟಲ್ ಸಂಗೀತದ ಸಾಧನ ಅದೇ, ಮಾಮನ ಫೋನು. ಸರ್ಕಾರದ ಯಾವ ಯೋಜನೆಯಲ್ಲೂ ಇಲ್ಲದೆ ಹಳ್ಳಿ ಹಳ್ಳಿಯ ಮಕ್ಕಳ ಕೈಗೆ ಹೋದ ಯಂತ್ರ ಅದು.

ಯೋಜನೆಗಳೂ ಇದ್ದವು. 2001ರ ಸುಮಾರಿಗೆ ಮಾಹಿತಿ ಸಿಂಧು ಅಂತ ನೂರಾರು ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂದವು, ಆಮೇಲೆ ಐಸಿಟಿ ಯೋಜನೆಯ ಲ್ಯಾಬುಗಳು. ನಾನು ಓದಿದ ಶಾಲೆಯಲ್ಲಿ (ಹೆಸರು ಬೇಡ) ಲ್ಯಾಬಿಗೆ ದೊಡ್ಡ ಬೀಗ, ಕಂಪ್ಯೂಟರಿಗೆ ಬಟ್ಟೆಯ ಮುಸುಕು. ಹಾರ್ಮೋನಿಯಂ ಕೂಡ ಇತ್ತು, ಬೀರುವಿನಲ್ಲಿ. ಆಗಸ್ಟ್ 15ಕ್ಕೆ, ನವೆಂಬರ್ 1ಕ್ಕೆ ಹೊರಗೆ ಬರೋದು. "ಪೆಟ್ಟಿಗಿ ಮುಟ್ಟಬ್ಯಾಡ್ರಲೇ, ಕೆಡ್ತದ!" ಅನ್ನೋದು ನನಗೆ ಶಾಲೆಯಲ್ಲಿ ಸಿಕ್ಕ ಪೂರ್ತಿ ಸಂಗೀತ ಶಿಕ್ಷಣ. ಎರಡಕ್ಕೂ ಒಂದೇ ನಿಯಮ ನೋಡಿ. ವಸ್ತುವಿನ ಲೆಕ್ಕ ಕೊಡಬೇಕಾದವರು ಮೇಷ್ಟ್ರು, ಕೆಟ್ಟರೆ ಅವರ ಕುತ್ತಿಗೆಗೆ. ಮಕ್ಕಳು ಕಟ್ಟಿದ ಟ್ಯೂನಿನ ಲೆಕ್ಕವನ್ನು ಯಾರೂ ಕೇಳಲ್ಲ. ಬೀಗ ಹಾಕಿದ್ದಕ್ಕೆ ಮೇಷ್ಟ್ರನ್ನು ಬೈಯೋಕೆ ನನಗೆ ಮನಸ್ಸಿಲ್ಲ.

2011ರಲ್ಲಿ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸೇರಿ ಪ್ರೌಢಶಾಲಾ ಶಿಕ್ಷಕರ ವೇದಿಕೆ ಶುರು ಮಾಡಿ, ಉಬುಂಟು ಮತ್ತು ಮುಕ್ತ ತಂತ್ರಾಂಶಗಳನ್ನು ಕಲಿಸಿದ್ದು ದೊಡ್ಡ ಕೆಲಸ. ಆ ಪಟ್ಟಿಯಲ್ಲಿ ಅಡಾಸಿಟಿ ಇದೆ. 2000ದಲ್ಲಿ ಹೊರಬಂದ ಪುಕ್ಕಟೆ ಧ್ವನಿ ಸಂಪಾದಕ, ಹಳೇ ಲ್ಯಾಬಿನ ಕಂಪ್ಯೂಟರಿನಲ್ಲೂ ಓಡುತ್ತೆ. ಪದ್ಯ, ಪಾಠ ರೆಕಾರ್ಡ್ ಮಾಡೋಕೆ ಅದು ಸಲೀಸು. ಅಷ್ಟಕ್ಕೇ ಯಾಕೆ ನಿಲ್ಲಿಸಬೇಕು? ಸಿರುಗುಪ್ಪದ ಹುಡುಗಿಯೊಬ್ಬಳು ಅಕ್ಕಿ ಗಿರಣಿಯ ಸದ್ದು ಹಿಡಿದು ತಂದರೆ, ಅದರಿಂದ ಅರ್ಧ ಸೆಕೆಂಡಿನ ಒಂದು ಚೂರು ಕತ್ತರಿಸಿ ರಿಪೀಟ್ ಕೊಟ್ಟರೆ ತಾಳ ರೆಡಿ. ಮೂರನೇ ಚೂರನ್ನು ಸೈಲೆನ್ಸ್ ಮಾಡಿದರೆ ತಾಳದ ನಡೆಯೇ ಬೇರೆ. ಅದರ ಮೇಲೆ ಅಜ್ಜಿಯ ಬೀಸುವ ಪದ ಇನ್ನೊಂದು ಟ್ರ್ಯಾಕಿನಲ್ಲಿ. ಬಿ.ವಿ. ಕಾರಂತರು ಕಲ್ಲು, ಕೋಲು, ತಗಡು ಹಿಡಿದು ನಾಟಕಕ್ಕೆ ಸಂಗೀತ ಕಟ್ಟುತ್ತಿದ್ದರಲ್ಲ, ಹೆಚ್ಚೂ ಕಡಿಮೆ ಅದೇ ದಾರಿ.

ಇಂಟರ್ನೆಟ್ ಇದ್ದರೆ ಗೂಗಲ್‌ನ ಕ್ರೋಮ್ ಮ್ಯೂಸಿಕ್ ಲ್ಯಾಬ್ ಇದೆ. ಅದರ ಸಾಂಗ್ ಮೇಕರಿನಲ್ಲಿ (2018) ಚೌಕ ಒತ್ತಿದರೆ ಸ್ವರ. ಸೆಟಿಂಗ್ಸಿನಲ್ಲಿ ಪೆಂಟಟೋನಿಕ್ ಆರಿಸಿದರೆ ಸಿಗೋದು ನಮ್ಮ ಮೋಹನದ ಸ್ವರಗಳು. ಬಳ್ಳಾರಿಯಲ್ಲಿ ಅರ್ಧ ಜನ ಭೂಪ್ ಅಂತಾರೆ, ಇರಲಿ. ಚೌಕದಿಂದ ಚೌಕಕ್ಕೆ ಜಾರೋಕೆ ಆಗಲ್ಲ, ಗಮಕ ಇಲ್ಲ. ಈ ಮಾತು ಎಲ್ಲೋ ಕೇಳಿದ ಹಾಗಿದೆ ಅಲ್ವಾ? 1940ರದ್ದೇ ದೂರು, ಹೊಸ ಪೆಟ್ಟಿಗೆಯ ಮೇಲೆ. ಆಗ ಮಾಸ್ತರು ಏನು ಮಾಡಿದರೋ ಈಗಲೂ ಅದೇ ಮಾಡಬಹುದು. ಯಂತ್ರ ಮಟ್ಟು ಹಿಡಿಯಲಿ, ಗಮಕವನ್ನು ಹುಡುಗರು ಹಾಡಿ ಸೇರಿಸಲಿ.

ನಮ್ಮ ಕಡೆಯ ಕ್ಯಾಸಿಯೋ ಮಾಸ್ತರುಗಳು ಎಂಟು ದಿನದಲ್ಲಿ ಒಂದು ನಾಟಕಕ್ಕೆ ಹಾಡು ಕೂಡಿಸಿ ಕೊಡ್ತಾರೆ. ಅವರಲ್ಲೊಬ್ಬರನ್ನು ವಾರಕ್ಕೊಂದು ಪೀರಿಯಡ್ ಲ್ಯಾಬಿಗೆ ಕರೆಯೋಕೆ ಬಿಎಡ್ ಬೇಕಾ, ಸುತ್ತೋಲೆ ಬೇಕಾ ಅಂತ ಪರಿಚಯದ ಮೇಷ್ಟ್ರೊಬ್ಬರನ್ನು ಕೇಳಿದೆ. "ಬೀಗದ ಕೈ ಬೇಕು" ಅಂತ ನಕ್ಕರು.

ನಿಮ್ಮೂರ ಶಾಲೆಯಲ್ಲಿ ಪೆಟ್ಟಿಗೆ ಎಲ್ಲಿತ್ತು? ಬೀರುವಿನ ಒಳಗಾ, ಹೊರಗಾ? ಯಾರಾದ್ರೂ ಮುಟ್ಟೋಕೆ ಬಿಟ್ಟಿದ್ರೆ ಆ ಮೇಷ್ಟ್ರ ಬಗ್ಗೆ ನಾಲ್ಕು ಸಾಲು ಬರೀರಿ, ಓದೋಕೆ ಕಾಯ್ತಾ ಇರ್ತೀನಿ.