ಎಡೆದೊರೆ ನಾಡಿನಲ್ಲಿ ಪಳಗಿದ ಸಂಶೋಧಕರು

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಎಡೆದೊರೆ ನಾಡಿನಲ್ಲಿ, ಅಂದರೆ ಈಗಿನ ಲಿಂಗಸುಗೂರು, ಮಸ್ಕಿ, ಸಿಂಧನೂರು ಸೀಮೆಯಲ್ಲಿ, ಪ್ರಾಚೀನ ನೆಲೆಗಳನ್ನು ಮೊದಲು ಗುರುತಿಸಿದವರು ವಿಶ್ವವಿದ್ಯಾಲಯದವರಲ್ಲ. ಭೂವಿಜ್ಞಾನಿಗಳು ಮತ್ತು ಚಿನ್ನ ಹುಡುಕುವವರು. ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದ ಉತ್ತರಾರ್ಧದಲ್ಲೇ ಮಸ್ಕಿಯನ್ನು ನೋಡಿಹೋಗಿದ್ದರು. 1915ರಲ್ಲಿ ನಿಜಾಮರ ಸರ್ಕಾರದ ಗಣಿ ಎಂಜಿನಿಯರ್ ಸಿ. ಬೀಡನ್ ಅವರಿಗೆ ಮಸ್ಕಿಯ ಬಂಡೆಯೊಂದರ ಮೇಲೆ ಬ್ರಾಹ್ಮಿ ಅಕ್ಷರಗಳು ಕಂಡವು. ಅವನ್ನು ಓದಿ ಅದೇ ವರ್ಷ ಪ್ರಕಟಿಸಿದವರು ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿ. ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ಅಶೋಕನ ಹೆಸರೂ ಅಲ್ಲಿ ಇತ್ತು. ಕಂಡವರು ಒಬ್ಬರು, ಅರ್ಥ ಹೇಳಿದವರು ಇನ್ನೊಬ್ಬರು. ಆ ಕಾಲದ ಶೋಧವೆಲ್ಲ ಬಹುಮಟ್ಟಿಗೆ ಹೀಗೇ ನಡೆಯುತ್ತಿತ್ತು.

ಎರಡನ್ನೂ ಒಬ್ಬರೇ ಮಾಡುವ ಪಿಎಚ್.ಡಿ. ವಿದ್ಯಾರ್ಥಿ ಈ ನೆಲಕ್ಕೆ ಬಂದದ್ದು ಸ್ವಾತಂತ್ರ್ಯಾನಂತರ. ಎರಡನೆಯ ಮಹಾಯುದ್ಧದಲ್ಲಿ ಸೈನಿಕನಾಗಿ ಭಾರತಕ್ಕೆ ಬಂದಿದ್ದ ರೇಮಂಡ್ ಆಲ್ಚಿನ್, ಲಂಡನ್ನಿನಲ್ಲಿ ಕೆ. ಡಿ ಬಿ. ಕಾಡ್ರಿಂಗ್ಟನ್ ಅವರ ಮಾರ್ಗದರ್ಶನದಲ್ಲಿ ರಾಯಚೂರು ಜಿಲ್ಲೆಯ ಪ್ರಾಗಿತಿಹಾಸವನ್ನೇ ಮಹಾಪ್ರಬಂಧದ ವಿಷಯ ಮಾಡಿಕೊಂಡರು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಹತ್ತಿರ ಇರುವ ಪಿಕಲಿಹಾಳದಲ್ಲಿ 1952ರಲ್ಲಿ ಅವರು ಉತ್ಖನನ ನಡೆಸಿದರು. ಕಲ್ಲುಗುಡ್ಡಗಳ ಸಂದಿಯ ಈ ಊರಿನಲ್ಲಿ ನವಶಿಲಾಯುಗದ ವಸತಿಯೂ ಇದೆ, ಬಂಡೆಗಳ ಮೇಲೆ ಕುಟ್ಟಿ ಮೂಡಿಸಿದ ಎತ್ತುಗಳ ಚಿತ್ರಗಳೂ ಇವೆ. ಯಾವ ಪದರದಲ್ಲಿ ಯಾವ ಮಡಕೆ ಚೂರು ಸಿಕ್ಕಿತು, ಅದರ ಜೊತೆಗೆ ಎಂಥ ಕಲ್ಲುಕೊಡಲಿ ಇತ್ತು ಎಂಬುದನ್ನು ಬಿಡಿಬಿಡಿಯಾಗಿ ದಾಖಲಿಸದೆ ಇಂಥ ಕಡೆ ಕಾಲಾನುಕ್ರಮ ಕಟ್ಟಲಾಗದು. ವರದಿ ಅಚ್ಚಾದದ್ದು 1960ರಲ್ಲಿ, ಆಂಧ್ರಪ್ರದೇಶ ಸರ್ಕಾರದಿಂದ. ಅಷ್ಟರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು!

ಆಲ್ಚಿನ್ ಸ್ವತಂತ್ರ ಸಂಶೋಧಕರಾಗಿ ನಿಂತದ್ದು ನವಶಿಲಾಯುಗದ ಬೂದಿಗುಡ್ಡಗಳು, ಅಂದರೆ ಬೂದಿಯ ದೊಡ್ಡ ದಿಬ್ಬಗಳು, ಹೇಗಾದವು ಎಂಬ ಪ್ರಶ್ನೆಯಲ್ಲಿ. ಇವು ದನದ ಸಗಣಿ ಸುಟ್ಟು ಆದವೆಂದು ಫೂಟ್ ಊಹಿಸಿದ್ದರೂ ಎಲ್ಲರೂ ಅದನ್ನು ಒಪ್ಪಿರಲಿಲ್ಲ. 1957ರಲ್ಲಿ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ದೊಡ್ಡಿಯ ಬೇಲಿಗೆ ನೆಟ್ಟ ಗೂಟಗಳ ಗುಳಿಗಳು ಸಿಕ್ಕವು. ಬೂದಿಯಲ್ಲಿ ದನಗಳ ಗೊರಸಿನ ಗುರುತುಗಳೂ ಉಳಿದಿದ್ದವು. ಇನ್ನು ಕಾಲದ ಪ್ರಶ್ನೆ. ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ 1947ರ ಬ್ರಹ್ಮಗಿರಿ ಉತ್ಖನನದ ಆಧಾರದ ಮೇಲೆ ನವಶಿಲಾಯುಗದ ಈ ಕಲ್ಲುಕೊಡಲಿ ಸಂಸ್ಕೃತಿಯ ಆರಂಭವನ್ನು ಕ್ರಿ.ಪೂ. ಮೊದಲನೆಯ ಸಹಸ್ರಮಾನಕ್ಕೆ ಇಟ್ಟಿದ್ದರು. ಉಟ್ನೂರಿನ ರೇಡಿಯೋಕಾರ್ಬನ್ ಪರೀಕ್ಷೆ ಅದನ್ನು ಮೂರನೆಯ ಸಹಸ್ರಮಾನಕ್ಕೆ ಒಯ್ದಿತು. ಪದವಿಗಿಂತ ದೊಡ್ಡ ಪರೀಕ್ಷೆ ಇದೇ: ಆ ಕ್ಷೇತ್ರದ ಅತಿ ದೊಡ್ಡ ಹೆಸರಿನ ಕಾಲನಿರ್ಣಯವನ್ನು ಪುರಾವೆ ಮುಂದಿಟ್ಟು ಅಲುಗಾಡಿಸುವುದು.

ಮಸ್ಕಿಯಲ್ಲಿ 1954ರಲ್ಲಿ ಅಗೆದವರು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಬಿ.ಕೆ. ಥಾಪರ್. ತಾಮ್ರಶಿಲಾಯುಗದಿಂದ ಮಧ್ಯಯುಗದವರೆಗೆ ನಾಲ್ಕು ಕಾಲಘಟ್ಟಗಳನ್ನು ಅವರು ಗುರುತಿಸಿದರು. ಅದು ಇಲಾಖೆಯ ಕೆಲಸ. ಪಿಎಚ್.ಡಿ.ಯ ದಾರಿಯನ್ನು ಒಂದು ಪದ್ಧತಿಯಾಗಿ ಬೆಳೆಸಿದವರು ಪುಣೆಯ ಡೆಕ್ಕನ್ ಕಾಲೇಜಿನ ಎಚ್.ಡಿ. ಸಾಂಕಳಿಯಾ. ವಿದ್ಯಾರ್ಥಿಗೆ ಒಂದು ನದಿ ಕಣಿವೆಯನ್ನೋ ಒಂದು ಜಿಲ್ಲೆಯನ್ನೋ ಒಪ್ಪಿಸಿ, ಅಲ್ಲಿ ಸುತ್ತಿ ನೆಲೆಗಳನ್ನು ತಾನೇ ಪತ್ತೆ ಮಾಡಿ ಬರುವಂತೆ ಕಳಿಸುವುದು ಅವರ ಕ್ರಮ. ಲಿಂಗಸುಗೂರಿನಿಂದ ಕೃಷ್ಣೆಯ ಆಚೆಗಿರುವ ಶೋರಾಪುರ ದೋಆಬ್ (ಎರಡು ನದಿಗಳ ನಡುವಿನ ನಾಡು) ಹೀಗೆ ಕೆ. ಪದ್ದಯ್ಯ ಅವರ ಪಾಲಿಗೆ ಬಂತು. ಆ ಅಧ್ಯಯನ 1973ರಲ್ಲಿ ಪುಸ್ತಕವಾಯಿತು. ಬೂದಿಗುಡ್ಡ ಬರೀ ದನದ ದೊಡ್ಡಿಯಲ್ಲ, ಅದರ ಪಕ್ಕದಲ್ಲೇ ಜನರು ನೆಲೆನಿಂತು ಬಾಳಿದ್ದರು ಎಂದು ಅವರು ಮುಂದೆ ಅದೇ ಸೀಮೆಯ ಬೂದಿಹಾಳದ ಉತ್ಖನನದಿಂದ ತೋರಿಸಿದರು. ಆಲ್ಚಿನ್ ವೀಲರ್ ಅವರನ್ನು ತಿದ್ದಿದ್ದರೆ, ಆಲ್ಚಿನ್ ಅವರ ಚಿತ್ರವನ್ನು ಪದ್ದಯ್ಯ ತಿದ್ದಿದರು.

ಈ ನಡುವೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸಿಂಧನೂರು ಭಾಗವನ್ನು ಭತ್ತದ ಸೀಮೆಯಾಗಿಸಿತು. ಗದ್ದೆಗೆಂದು ನೆಲ ಸಮತಟ್ಟು ಮಾಡುವಾಗ ಹಳೆಯ ದಿಬ್ಬಗಳು ಕರಗುತ್ತವೆ. ಹಾಗಾಗಿ ಹೊಲಹೊಲ ನಡೆದು ಮಾಡುವ ಸಮೀಕ್ಷೆಗೆ ಬೆಲೆ ಹೆಚ್ಚಿದೆ. 2010ರಲ್ಲಿ ಆರಂಭವಾದ ಮಸ್ಕಿ ಪುರಾತತ್ತ್ವ ಸಂಶೋಧನಾ ಯೋಜನೆಯ ಪೀಟರ್ ಜೋಹಾನ್ಸೆನ್ ಮತ್ತು ಆಂಡ್ರ್ಯೂ ಬಾಯರ್, ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡಿದವರು. ವಿದ್ಯಾರ್ಥಿಗಳಾಗಿದ್ದಾಗ ನೆರೆಯ ಕೊಪ್ಪಳ ಸೀಮೆಯಲ್ಲಿ ಪಳಗಿದವರು. ಅಶೋಕನ ಬಂಡೆಗಿಂತ ಅದರ ಸುತ್ತಲಿನ ನೆಲದ ಮೇಲೆ ಅವರ ಕಣ್ಣು: ಕಬ್ಬಿಣ ಕರಗಿಸಿದ ಜಾಗಗಳು, ಮಣ್ಣು, ನೀರು ನಿಲ್ಲಿಸಿದ ತಾಣಗಳು, ಸಮಾಧಿಗಳು.