ಬೇವಿಗೆ ಸಾಕ್ಷಿ ಯಾರು?

ಯುಗಾದಿ ಬಂತೆಂದರೆ ಸಾಕು, ಪತ್ರಿಕೆಗಳು ಬೇವಿನ ಗುಣಗಾನಕ್ಕೆ ಇಳಿಯುತ್ತವೆ. ಚರಕ ಹೀಗೆ ಹೇಳಿದ, ಸುಶ್ರುತ ಹಾಗೆ ಹೇಳಿದ, ನಮ್ಮ ಋಷಿಮುನಿಗಳಿಗೆ ಎಲ್ಲವೂ ಗೊತ್ತಿತ್ತು ಅಂತ ಬರೆಯುತ್ತವೆ. ಸಂಹಿತೆಗಳಲ್ಲಿ 'ನಿಂಬ'ದ ಹೆಸರಿರುವುದು ನಿಜ. ಚರ್ಮರೋಗಕ್ಕೆ, ಹುಣ್ಣಿಗೆ, ಜ್ವರಕ್ಕೆ ಅದು ಮದ್ದು ಎಂದು ಅಲ್ಲಿ ಬರೆದಿದೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ನಮ್ಮ ಪ್ರಶ್ನೆ ಬೇರೆ. ಆ ಬೇವಿನ ಬೀಜ ಆಯ್ದವರು ಯಾರು? ಅದನ್ನು ಕುಟ್ಟಿ ಎಣ್ಣೆ ತೆಗೆದವರು ಯಾರು? ಯಾವ ಸೊಪ್ಪನ್ನು ಯಾವ ಗಾಯಕ್ಕೆ ಎಷ್ಟು ಅರೆದು ಹಚ್ಚಬೇಕು ಅಂತ ತಮ್ಮ ಮೈಮೇಲೆಯೇ ಹಚ್ಚಿಕೊಂಡು ಕಲಿತವರು ಯಾರು? ಅವರ ಹೆಸರು ಯಾವ ಸಂಹಿತೆಯಲ್ಲಿದೆ?

ಬೇವಿನ ಚರಿತ್ರೆಯನ್ನು ಪುಸ್ತಕದ ಕಡೆಯಿಂದ ಬರೆಯಬಹುದು, ಕೇರಿಯ ಕಡೆಯಿಂದಲೂ ಬರೆಯಬಹುದು. ಮೊದಲನೆಯದು ಬೇಕಾದಷ್ಟು ಆಗಿದೆ. ನಮ್ಮ ನಮ್ಮ ಮನೆಗಳಲ್ಲಿ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದ ನಾವು ಎರಡನೆಯದನ್ನು ಬರೆಯದಿದ್ದರೆ ಇನ್ನಾರೂ ಬರೆಯುವುದಿಲ್ಲ.

ಪಂಡಿತರು ಕೇರಿಗೆ ಬರುತ್ತಿರಲಿಲ್ಲ. ನಾಡಿ ನೋಡಬೇಕಾದರೆ ಕೈ ಮುಟ್ಟಬೇಕು. ನಮ್ಮ ಕೈ ಮುಟ್ಟಿದರೆ ಮೈಲಿಗೆ. ಹೀಗಾಗಿ ಕೇರಿಯ ಬಾಯಲ್ಲಿ ನಿಂತ ಬೇವಿನ ಮರವೇ ನಮ್ಮವರ ಆಸ್ಪತ್ರೆಯಾಯಿತು. ಬೆಳಿಗ್ಗೆ ಎದ್ದು ಹಲ್ಲುಜ್ಜುವುದಕ್ಕೆ ಬೇವಿನ ಕಡ್ಡಿ. ಮಕ್ಕಳಿಗೆ ಕಜ್ಜಿಯಾದರೆ ಸೊಪ್ಪು ಕುದಿಸಿದ ನೀರಿನ ಸ್ನಾನ. ಹುಳುಕಡ್ಡಿಗೆ ಸೊಪ್ಪು, ಅರಿಸಿನ ಸೇರಿಸಿ ಅರೆದ ಗೊಜ್ಜು. ತಲೆಯ ಹೇನಿಗೆ ಬೇವಿನೆಣ್ಣೆ. ದನದ ಗಾಯದಲ್ಲಿ ಹುಳ ಬಿದ್ದರೂ ಅದೇ ಎಣ್ಣೆ. ಬಾಣಂತಿಯ ನೀರಿಗೆ ಬೇವಿನ ಸೊಪ್ಪು. ಸಂಜೆ ಸೊಳ್ಳೆಗೆ ಬೇವಿನ ಹೊಗೆ. ಕೂಲಿಯಾಗಿ ಬಂದ ಒಂದಿಷ್ಟು ರಾಗಿಯೋ ಜೋಳವೋ ಹುಳ ಹಿಡಿಯದಿರಲಿ ಅಂತ ಗುಡಾಣದಲ್ಲಿ ಒಣಗಿದ ಬೇವಿನೆಲೆ. ಊರವರ ಹೆರಿಗೆಯನ್ನೂ ಮಾಡಿಸುತ್ತಿದ್ದ ಸೂಲಗಿತ್ತಿಯರಲ್ಲಿ ಎಷ್ಟೋ ಜನ ನಮ್ಮ ಹೆಂಗಸರೇ. ಹೆರಿಗೆಯ ಹೊತ್ತಿಗೆ ಅವರ ಕೈ ಬೇಕು. ಮಗು ಹೊರಗೆ ಬಂದ ಮೇಲೆ ಅದೇ ಕೈ ಮೈಲಿಗೆ!

ಬೇವಿನೆಣ್ಣೆ ತೆಗೆಯುವುದೂ ಸುಲಭದ ಕೆಲಸವಲ್ಲ. ಬೇಸಿಗೆಯ ಕೊನೆಗೆ, ಮುಂಗಾರಿನ ಮೊದಲಿಗೆ ಹಣ್ಣು ಉದುರುತ್ತದೆ. ಹೆಂಗಸರು, ಮಕ್ಕಳು ಬಗ್ಗಿ ಬಗ್ಗಿ ಆಯಬೇಕು. ತಿರುಳು ತೊಳೆದು, ಬೀಜ ಒಣಗಿಸಿ, ಸಿಪ್ಪೆ ತೆಗೆದು, ಕುಟ್ಟಿ, ನೀರಿನಲ್ಲಿ ಬೇಯಿಸಿ ಮೇಲೆ ತೇಲಿದ ಎಣ್ಣೆಯನ್ನು ಬಳಿದುಕೊಳ್ಳಬೇಕು. ಇಲ್ಲವೇ ಗಾಣಕ್ಕೆ ಹಾಕಿಸಬೇಕು. ಉಳಿದ ಹಿಂಡಿ ಯಜಮಾನನ ಹೊಲಕ್ಕೆ ಗೊಬ್ಬರ. ಇಷ್ಟೂ ದುಡಿಮೆಗೆ 'ವಿದ್ಯೆ' ಅನ್ನುವ ಹೆಸರು ಸಿಗಲಿಲ್ಲ. ಓಲೆಗರಿಯ ಮೇಲೆ ಬರೆದರೆ ಶಾಸ್ತ್ರ, ಒರಳಲ್ಲಿ ಕುಟ್ಟಿದರೆ ಕೂಲಿ.

ಹಾಗಂತ ಬೇವನ್ನು ನಾವು ಪೂಜಿಸುವುದಕ್ಕೆ ಹೊರಟಿಲ್ಲ. ಸಿಡುಬು ಬಂದಾಗ 'ಅಮ್ಮ ಬಂದಿದ್ದಾಳೆ' ಅಂತ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಿದ್ದರು, ರೋಗಿಯನ್ನು ಬೇವಿನೆಲೆಯ ಮೇಲೆ ಮಲಗಿಸುತ್ತಿದ್ದರು. ಬಾಗಿಲ ಸೊಪ್ಪು ಕಂಡವರು ಒಳಗೆ ಬರುತ್ತಿರಲಿಲ್ಲ. ರೋಗ ಹಬ್ಬದಂತೆ ತಡೆಯಲು ಅದೊಂದು ಗುರುತಾಗಿತ್ತು. ಎಲೆಯ ತಂಪು ಉರಿಗೆ, ನವೆಗೆ ಸ್ವಲ್ಪ ಸಮಾಧಾನ ಕೊಟ್ಟಿರಬಹುದು. ಆದರೆ ಸಿಡುಬನ್ನು ಬೇವು ಕೊಲ್ಲಲಿಲ್ಲ, ಮಾರಮ್ಮನಿಗೆ ಕೊಟ್ಟ ಕೋಣವೂ ಕೊಲ್ಲಲಿಲ್ಲ. ಕೊಂದದ್ದು ಲಸಿಕೆ. 1798ರಲ್ಲಿ ಜೆನ್ನರ್ ತನ್ನ ಲಸಿಕೆಯ ವಿಚಾರ ಪ್ರಕಟಿಸಿದ. 1802ರಲ್ಲಿ ಅದು ಮುಂಬೈಗೆ ಬಂತು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. 1980ರಲ್ಲಿ ಜಗತ್ತೇ ಅದರಿಂದ ಬಿಡುಗಡೆಯಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಬೇವಿನೆಣ್ಣೆಯನ್ನು ಹಸುಗೂಸಿಗೆ ಕುಡಿಸಿದರೆ ಪ್ರಾಣಕ್ಕೇ ಅಪಾಯ ಎಂದು 1981ರಲ್ಲಿ ಮಲೇಶಿಯಾದ ವೈದ್ಯರು ವರದಿ ಮಾಡಿದರು. ಅನುಭವವನ್ನು ಗೌರವಿಸಬೇಕು, ಪರೀಕ್ಷೆಯನ್ನೂ ಮಾಡಬೇಕು. ನಮ್ಮವ್ವಂದಿರ ತಿಳುವಳಿಕೆಯನ್ನು ಹೊಗಳುವ ಭರದಲ್ಲಿ ಅವರ ಕೂಸುಗಳನ್ನು ಬಲಿಕೊಡುವಷ್ಟು ದಡ್ಡರು ನಾವಲ್ಲ.

ಮದ್ದಾದ ಇದೇ ಸೊಪ್ಪನ್ನು ಸಂಕೋಲೆಯನ್ನಾಗಿಯೂ ಮಾಡಿದರು. ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಯ ಜಾತ್ರೆಗೆ ಬಂದವರು ವರದಾ ನದಿಯಲ್ಲಿ ಮುಳುಗಿ, ಬೆತ್ತಲೆಯಾಗಿ ಬೇವಿನ ಸೊಪ್ಪು ಹಿಡಿದು ಗುಡ್ಡ ಹತ್ತುತ್ತಿದ್ದರು. ಹಾಗೆ ಹತ್ತಿದವರು ಯಾರು? ದಲಿತರು, ಹಿಂದುಳಿದ ಜಾತಿಯವರು, ಅವರಲ್ಲೂ ಬಡ ಹೆಣ್ಣುಮಕ್ಕಳು. ಜಮೀನ್ದಾರನ ಮಗಳು ಬೇವಿನ ಉಡಿಗೆ ಉಟ್ಟದ್ದನ್ನು ಕಂಡವರುಂಟೆ? 1986ರ ಮಾರ್ಚ್‌ನಲ್ಲಿ ಇದನ್ನು ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರ ಮೇಲೆ, ಪೊಲೀಸರ ಮೇಲೆ ಗುಂಪು ಬಿದ್ದು ಹೊಡೆಯಿತು, ಅವರನ್ನೇ ಬೆತ್ತಲೆ ಮಾಡಿತು. ಪೊಲೀಸ್ ಹೆಂಗಸರನ್ನೂ ಬಿಡಲಿಲ್ಲ. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ಗಾಯಕ್ಕೆ ಹಚ್ಚುವ ಎಲೆಯನ್ನು ಅವಮಾನಕ್ಕೆ ಹೊದಿಸಿದ್ದು ಮರದ ತಪ್ಪಲ್ಲ. ಬೇವು ಯಾರ ಸ್ವತ್ತು ಎಂದು ಕೇಳುವವರು ಈ ಗುಡ್ಡವನ್ನೂ ಒಮ್ಮೆ ನೆನೆಯಬೇಕು.

ಇನ್ನು ಬರಹದ ಮಾತಿಗೆ ಬರೋಣ. ಕೆಳಜಾತಿಯ ವೈದ್ಯನೊಬ್ಬನ ಹೆಸರು ಅಚ್ಚಾದ ಒಂದು ಅಪರೂಪದ ಪ್ರಸಂಗ ಪಕ್ಕದ ಕೇರಳದಲ್ಲಿದೆ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಮಲಬಾರಿನ ಗಿಡಮರಗಳ ಬಗ್ಗೆ 'ಹಾರ್ಟಸ್ ಮಲಬಾರಿಕಸ್' ಎಂಬ ದೊಡ್ಡ ಗ್ರಂಥ ಮಾಡಿಸಿದ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟ ಬಂದವು. ಬೇವೂ ಅದರಲ್ಲಿದೆ. ಗಿಡಗಳ ಗುಣ ಹೇಳಿದವರಲ್ಲಿ ಮುಖ್ಯನಾದವನು ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯ. ಸವರ್ಣರು ದೂರ ಇಟ್ಟಿದ್ದ ಜಾತಿ ಅದು. ಅವನ ಮನೆತನದಲ್ಲಿ ಓಲೆಗರಿಗಳಿದ್ದವು, ಅವನಿಗೆ ಅಕ್ಷರವಿತ್ತು. ಅದಕ್ಕೇ ಅವನ ಸಾಕ್ಷಿಪತ್ರ ಅವನ ಮಾತಿನಲ್ಲೇ ಮೊದಲ ಸಂಪುಟದಲ್ಲಿ ಅಚ್ಚಾಯಿತು. ಅಕ್ಷರವಿದ್ದ ಒಬ್ಬನ ಹೆಸರು ಉಳಿಯಿತು. ಆ ಕಾಡುಮೇಡು ಸುತ್ತಿ ಸೊಪ್ಪು, ಬೇರು, ಕಾಯಿ ತಂದುಕೊಟ್ಟ ಅಕ್ಷರವಿಲ್ಲದವರ ಹೆಸರು ಅಲ್ಲೂ ಇಲ್ಲ.

ಆಮೇಲೆ ಪ್ರಯೋಗಶಾಲೆಗಳ ಕಾಲ ಬಂತು. 1942ರಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಬೇವಿನೆಣ್ಣೆಯಿಂದ ನಿಂಬಿನ್ ಮೊದಲಾದ ಕಹಿ ಪದಾರ್ಥಗಳನ್ನು ಬೇರ್ಪಡಿಸಿದರು. 1959ರಲ್ಲಿ ಸುಡಾನಿನಲ್ಲಿ ಮಿಡತೆ ಹಿಂಡು ಬಿದ್ದು ಹಸಿರನ್ನೆಲ್ಲ ತಿಂದು ಬೇವನ್ನು ಮಾತ್ರ ಬಿಟ್ಟದ್ದನ್ನು ಜರ್ಮನಿಯ ವಿಜ್ಞಾನಿ ಶ್ಮುಟ್ಟರರ್ ಕಂಡ. ಮಿಡತೆಯನ್ನು ತಡೆಯುವ ಅಜಾಡಿರಾಕ್ಟಿನ್ ಅನ್ನು 1968ರಲ್ಲಿ ಇಂಗ್ಲೆಂಡಿನಲ್ಲಿ ಬೇರ್ಪಡಿಸಿದರು. ಇದೆಲ್ಲ ಒಳ್ಳೆಯ ಕೆಲಸವೇ. ಆದರೆ ವಿಜ್ಞಾನಿ ಕಂಡದ್ದರ ಹಿಂದೆಯೇ ವ್ಯಾಪಾರಿ ಬಂದ.

1985ರಲ್ಲಿ ಅಮೆರಿಕದ ಮರದ ವ್ಯಾಪಾರಿಯೊಬ್ಬ ಬೇವಿನ ಸಾರದ ಕೀಟನಾಶಕಕ್ಕೆ ಪೇಟೆಂಟ್ ಪಡೆದು, ಮುಂದೆ ಅದನ್ನು ಡಬ್ಲ್ಯು.ಆರ್. ಗ್ರೇಸ್ ಕಂಪನಿಗೆ ಮಾರಿದ. ಆ ಕಂಪನಿ ನಮ್ಮ ತುಮಕೂರಿನಲ್ಲೇ ಭಾರತದ ಕಂಪನಿಯೊಂದರ ಜೊತೆ ಸೇರಿ ಬೇವಿನ ಬೀಜದ ಕಾರ್ಖಾನೆ ಹಾಕಿತು. ದಿನಕ್ಕೆ 20 ಟನ್ ಬೀಜ ಅರೆಯುವ ಶಕ್ತಿಯ ಕಾರ್ಖಾನೆ. 1994ರಲ್ಲಿ ಗ್ರೇಸ್ ಕಂಪನಿಗೂ ಅಮೆರಿಕದ ಕೃಷಿ ಇಲಾಖೆಗೂ ಯೂರೋಪಿನ ಪೇಟೆಂಟ್ ಕಚೇರಿ ಇನ್ನೊಂದು ಪೇಟೆಂಟ್ ಕೊಟ್ಟಿತು. ಬೆಳೆಗೆ ಬರುವ ಶಿಲೀಂಧ್ರ ರೋಗವನ್ನು ಬೇವಿನೆಣ್ಣೆಯಿಂದ ತಡೆಯುವ ವಿಧಾನ ಅವರ ಆವಿಷ್ಕಾರವಂತೆ!

ಇಲ್ಲಿ ಪ್ರತಿಭಟನೆ ಎದ್ದಿತು. 1993ರಲ್ಲೇ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಇಂಥ ಪೇಟೆಂಟುಗಳ ವಿರುದ್ಧ ಬೀದಿಗಿಳಿದಿತ್ತು. ವಂದನಾ ಶಿವ ಮತ್ತು ಯೂರೋಪಿನ ಗೆಳೆಯರು ಪೇಟೆಂಟ್ ಕಚೇರಿಗೆ ತಕರಾರು ಸಲ್ಲಿಸಿದರು. 2000ದ ಮೇ 10ರಂದು ಮ್ಯೂನಿಕ್‌ನಲ್ಲಿ ಪೇಟೆಂಟ್ ರದ್ದಾಯಿತು. 2005ರ ಮಾರ್ಚ್ 8ರಂದು ಕಂಪನಿಯ ಮೇಲ್ಮನವಿಯೂ ಬಿತ್ತು. ನಾವೆಲ್ಲ ಸಂತೋಷಪಟ್ಟೆವು. ಆದರೆ ಆ ಗೆಲುವು ಯಾರ ಸಾಕ್ಷಿಯಿಂದ ಬಂತು? 2000ದ ತೀರ್ಪಿಗೆ ಮುಖ್ಯ ಆಧಾರವಾದದ್ದು 1985–86ರಲ್ಲಿ ಮಹಾರಾಷ್ಟ್ರದ ಹೊಲಗಳಲ್ಲಿ ಇನ್ನೊಂದು ಕಂಪನಿ ನಡೆಸಿದ್ದ ಪ್ರಯೋಗ, ಅದನ್ನು ನಡೆಸಿದ ಕೈಗಾರಿಕೋದ್ಯಮಿಯ ಹೇಳಿಕೆ. ಒಬ್ಬ ಉದ್ಯಮಿಯ ಮಾತು ನೂರಾರು ವರ್ಷ ಬೇವು ಕುಟ್ಟಿದ ಹೆಂಗಸರ ಕೈಗಿಂತ ತೂಕವಾಯಿತು!

ಅಮೆರಿಕದ ಕಾನೂನು ಇನ್ನೂ ಚೆನ್ನಾಗಿತ್ತು. ಹೊರದೇಶದಲ್ಲಿ ಜನ ಬಳಸುತ್ತಿದ್ದಾರೆ ಅಂದರೆ ಅದು ಲೆಕ್ಕಕ್ಕಿಲ್ಲ. ಎಲ್ಲಾದರೂ ಅಚ್ಚಾಗಿದ್ದರೆ ತೋರಿಸಿ ಅಂತಿತ್ತು. 2013ರಲ್ಲಿ ತಿದ್ದುಪಡಿ ಜಾರಿಗೆ ಬರುವವರೆಗೆ ಇದೇ ಅಲ್ಲಿನ ನಿಯಮ. ಗೆಳೆಯರೇ, ಇದು ನಮಗೆ ಎಲ್ಲೋ ಕೇಳಿದ ಮಾತಿನ ಹಾಗಿಲ್ವ? ಶೂದ್ರನಿಗೂ ಅಸ್ಪೃಶ್ಯನಿಗೂ ಅಕ್ಷರ ಬೇಡ ಅಂದವರು ಇಲ್ಲಿದ್ದರು. ಅಕ್ಷರದಲ್ಲಿ ಇಲ್ಲದ್ದು ಜ್ಞಾನವೇ ಅಲ್ಲ ಅನ್ನುವವರು ಅಲ್ಲಿ ಬಂದರು. ಪುರೋಹಿತಶಾಹಿ ನಮ್ಮ ಕೈಯಿಂದ ಓಲೆಗರಿ ಕಿತ್ತುಕೊಂಡಿತು. ಬಂಡವಾಳಶಾಹಿ ಓಲೆಗರಿ ಎಲ್ಲಿ ತೋರಿಸು ಅಂತ ಕೇಳಿತು. ಇಬ್ಬರೂ ಒಂದೇ ಊರಿನವರಲ್ಲ. ಆದರೆ ಇಬ್ಬರ ನಡುವೆ ಸಿಕ್ಕಿಕೊಂಡವರು ನಾವೇ.

ನಮ್ಮ ಸರ್ಕಾರವಾದರೂ ಈ ಅನ್ಯಾಯ ಸರಿಪಡಿಸಿತೆ? ಪೇಟೆಂಟ್ ಕಳ್ಳತನ ತಡೆಯಲು 2001ರಲ್ಲಿ ಪಾರಂಪರಿಕ ಜ್ಞಾನದ ಡಿಜಿಟಲ್ ಭಂಡಾರವೊಂದನ್ನು ಶುರು ಮಾಡಿತು. ಆಯುರ್ವೇದ, ಯುನಾನಿ, ಸಿದ್ಧ ಗ್ರಂಥಗಳ ಮದ್ದುಗಳನ್ನು ಅದರಲ್ಲಿ ತುಂಬಿದೆ. ಅದರಿಂದ ಉಪಯೋಗವೂ ಆಗಿದೆ. ಆದರೆ ಅಲ್ಲಿಯೂ ಆಧಾರ ಗ್ರಂಥವೇ. 2002ರ ಜೀವವೈವಿಧ್ಯ ಕಾಯ್ದೆ ಸ್ಥಳೀಯ ಜನರಿಗೆ ಲಾಭದಲ್ಲಿ ಪಾಲು ಕೊಡಬೇಕು ಅಂದಿತು. 2023ರ ತಿದ್ದುಪಡಿ ಗ್ರಂಥಸ್ಥ ಪಾರಂಪರಿಕ ಜ್ಞಾನ ಬಳಸುವವರಿಗೆ ಆ ಪಾಲು ಕೊಡುವುದರಿಂದ ವಿನಾಯಿತಿ ಕೊಟ್ಟಿತು. ಬೇವು ಎಲ್ಲ ಗ್ರಂಥಗಳಲ್ಲೂ ಇದೆ. ಅಂದಮೇಲೆ ಬೇವಿನ ಸೋಪು, ಬೇವಿನ ಪೇಸ್ಟು, ಬೇವಿನ ಮಾತ್ರೆ ಮಾರುವವರು 'ಇದು ಸಂಹಿತೆಯಲ್ಲೇ ಇದೆಯಲ್ಲ' ಅಂದರೆ ಬೀಜ ಆಯ್ದವಳಿಗೆ ಏನು ಉಳಿಯಿತು? ಬರೆಯದಿದ್ದರೆ ನಿನ್ನದೆನ್ನಲು ಸಾಕ್ಷಿಯಿಲ್ಲ; ಬೇರೆಯವರು ಬರೆದಿದ್ದರೆ ನಿನಗೆ ಪಾಲಿಲ್ಲ. ಎರಡೂ ಕಡೆ ಸೋಲು ನಮ್ಮದೇ.

ಅದಕ್ಕೇ ಈಗ ಆಗಬೇಕಾದ ಕೆಲಸ ಸಣ್ಣದು, ಆದರೆ ತುರ್ತಿನದು. ಅದೇ 2002ರ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯ್ತಿಯಲ್ಲೂ ಜೀವವೈವಿಧ್ಯ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲೆ ಬರೆಯಬೇಕು. ಓದಿದ ಗೆಳೆಯರು ತಮ್ಮ ತಮ್ಮ ಪಂಚಾಯ್ತಿಗೆ ಹೋಗಿ ಆ ಪುಸ್ತಕ ಎಲ್ಲಿದೆ, ತೋರಿಸಿ ಅಂತ ಕೇಳಬೇಕು. ಇದ್ದರೆ ಅದರಲ್ಲಿ ಕೇರಿಯ ಎಷ್ಟು ಹೆಸರಿದೆ ನೋಡಬೇಕು. ಸೂಲಗಿತ್ತಿಯರು, ದನಕ್ಕೆ ಮದ್ದು ಕೊಡುವವರು, ಎಣ್ಣೆ ತೆಗೆದವರು ಇನ್ನೂ ಬದುಕಿರುವಾಗಲೇ ಅವರ ಬಳಿ ಕೂತು, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ, ಅವರ ಒಪ್ಪಿಗೆಯಿಂದ, ಅವರ ಹೆಸರಿನಲ್ಲೇ ಬರೆದುಕೊಳ್ಳಬೇಕು. ಯಾವುದು ಗುಣ ಕೊಟ್ಟಿತು, ಯಾವುದು ಕೊಡಲಿಲ್ಲ, ಯಾವುದು ಕೇಡು ಮಾಡಿತು ಎಲ್ಲವನ್ನೂ ಬರೆಯಬೇಕು. ಮುಚ್ಚಿಡುವುದಕ್ಕೆ ನಾವು ಮಠದವರಲ್ಲ.

ಅಕ್ಷರ ನಮ್ಮ ಕೈಗೆ ಬಂದದ್ದು ನೌಕರಿಯ ಅರ್ಜಿ ತುಂಬುವುದಕ್ಕೆ ಮಾತ್ರವಲ್ಲ. ನಮ್ಮವ್ವಂದಿರು ಹೆಬ್ಬೆಟ್ಟು ಒತ್ತಿದ ಕಡೆಯೆಲ್ಲ ಸಾಲಗಾರರಾದರು. ಈ ಒಂದು ಪುಸ್ತಕದಲ್ಲಾದರೂ ಅವರು ಸಾಕ್ಷಿದಾರರಾಗಲಿ.